ಎರಡು ಎಫ್, ಎರಡು ಇ, ಒಂದು ಕಾಫಿಪುಡಿ ಪ್ಯಾಕೆಟ್ಟು

ಚಿಕ್ಕಮಗಳೂರಲ್ಲಿ ನಂದೊಂದು ಸಣ್ಣ ಡಿಸೈನಿಂಗ್ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಸ್ಟಿಕ್ಕರ್ರು ಇದೇ ಕೆಲಸ. ಹೋದ್ವರ್ಷ ಮೂಡಿಗೆರೆ ಕಡೆ ತೋಟದ ಅಕ್ಕ ಒಬ್ರು ಬಂದು ಕಾಫಿಪುಡಿ ಕವರಿಗೆ ಡಿಸೈನ್ ಬೇಕು, ಅಜ್ಜಿ ಮನೇಲಿ ಹಳೇ ಬಿಸ್ಕತ್ ಡಬ್ಬಿ ಮೇಲಿರ್ತಿತ್ತಲ್ಲ ಆ ಥರ ಅಕ್ಷರ ಅಂದ್ರು. ತಕ್ಷಣ ಹೊಳೆದಿದ್ದು ಹಳೇ ಸ್ಟೈಲಿನ ಸೆರಿಫ್ ಫಾಂಟು, ಅಕ್ಷರದ ತುದೀಲಿ ಸಣ್ಣ ಪಾದ ಇರುತ್ತಲ್ಲ ಆ ಜಾತಿ, ಅದ್ರಲ್ಲೂ ಇಂಗ್ಲಿಷಿನ R ಕಾಲು ಚಾಚ್ಕೊಂಡು Y ಬಾಲ ಸುತ್ಕೊಂಡು ತುಂಟಾಟ ಆಡೋವು.

ಖುಷೀಲಿ ಹೆಸರು, ವಿಳಾಸ, ತೂಕ ಎಲ್ಲಾನೂ ಅದೇ ಫಾಂಟಲ್ಲಿ ಕೂರಿಸಿಬಿಟ್ಟೆ. ಮಾನಿಟರಲ್ಲಿ ಭಾರಿ ಚಂದ. ಕಂದು ಕ್ರಾಫ್ಟ್ ಕವರಿಗೆ ಸ್ಕ್ರೀನ್ ಪ್ರಿಂಟ್ ಹೊಡೆಸಿದ್ರೆ ಕೂದಲೆಳೆ ಗೆರೆಗಳೆಲ್ಲ ಅಲ್ಲಲ್ಲಿ ಮಾಯ, ಸಣ್ಣಕ್ಷರದ ಹೊಟ್ಟೆ ತುಂಬ ಇಂಕು. ಅಕ್ಕ ಕನ್ನಡಕ ಏರಿಸ್ಕೊಂಡು "ಎಂತ ಮಾರಾಯ ಇದು, ಕೋಳಿ ಕೆದರಿದಂಗಿದೆ" ಅಂದ್ರು. ಇನ್ನೂರು ಕವರು ನನ್ನ ಲೆಕ್ಕಕ್ಕೇ ಹೋಯ್ತು.

ಆಮೇಲೆ ಒಂದೇ ಒಂದು ಪದ ಹಿಡ್ಕೊಂಡು ಕೂತೆ. ಇಂಗ್ಲಿಷಲ್ಲಿ ಕಾಫಿ ಅಂತ ಬರೆದ್ರೆ ಎರಡು ಎಫ್ ಪಕ್ಕಪಕ್ಕ, ಎರಡು ಇ ಪಕ್ಕಪಕ್ಕ, ಇಂಥಾ ಫಾಂಟಿಗೆ ಹಬ್ಬಾನೂ ಹೌದು ತಲೆನೋವೂ ಹೌದು. ಎಫ್‌ಗಳ ಕೊಕ್ಕೆ ಒಂದಕ್ಕೊಂದು ಡಿಕ್ಕಿ ಹೊಡೀತಿತ್ತು, ಫಾಂಟ್ ಒಳಗೇ ಜೋಡಿ ಎಫ್‌ಗೆ ಒಂದೇ ಅಕ್ಷರ ಮಾಡಿಟ್ಟಿರ್ತಾರೆ, ಲಿಗೇಚರ್ ಅಂತಾರೆ, ಫಾಂಟಿನ ಎಲ್ಲಾ ಅಕ್ಷರ ತೋರ್ಸೋ ಗ್ಲಿಫ್ಸ್ ಲಿಸ್ಟಲ್ಲಿ ಹುಡುಕಿ ಅದನ್ನ ಹಾಕ್ದೆ. ಎರಡು ಇಗೂ ಒಂದೇ ಸುರುಳಿ ಇದ್ರೆ ಅವಳಿ ಮಕ್ಕಳಿಗೆ ಒಂದೇ ಅಂಗಿ ತೊಡಿಸಿದಂಗೆ, ಹಾಗಾಗಿ ಮೊದಲ್ನೇದು ಸಾದಾ, ಕೊನೇದಕ್ಕೆ ಮಾತ್ರ ಬಾಲ. ತೆಳು ಗೆರೆಗಳಿಗೆ ಅದೇ ಬಣ್ಣದ ಔಟ್‌ಲೈನ್ ಕೊಟ್ಟು ಒಂಚೂರು ದಪ್ಪ ಮಾಡಿ, ಡಿಸೈನ್ ಸಾಫ್ಟ್‌ವೇರ್ ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡೇ, ಅಂದ್ರೆ ಅಕ್ಷರಾನ ಬರೀ ಚಿತ್ರದ ಗೆರೆ ಮಾಡೇ ಪ್ರೆಸ್ಸಿಗೆ ಕಳ್ಸಿದ್ದು. ಇಲ್ಲಾಂದ್ರೆ ಅವ್ರ ಸಿಸ್ಟಮಲ್ಲಿ ಆ ಫಾಂಟ್ ಇಲ್ದೆ ಇನ್ನೇನೋ ಬಂದು ಕೂರುತ್ತೆ.

ಕೆಳಗೆ ಕನ್ನಡದಲ್ಲಿ ಚಿಕ್ಕಮಗಳೂರು ಅಂತ ಬೇಕಿತ್ತು. ರೆಡಿಮೇಡ್ ಫಾಂಟು ಪಕ್ಕದಲ್ಲಿ ಪೆಚ್ಚಾಗಿ ಕಾಣ್ತು ಅಂತ ಕೈಯಲ್ಲೇ ಬರೆದೆ. ಮೊದಲು ಇಂಗ್ಲಿಷಿನ ಥರಾನೇ ಪಾದ ಅಂಟಿಸೋಕೆ ಹೋದೆ, ಬೂಟು ಹಾಕ್ಕೊಂಡು ಭರತನಾಟ್ಯ ಮಾಡ್ದಂಗಾಯ್ತು. ನಮ್ಮಕ್ಷರ ಮೊದ್ಲೇ ದುಂಡಗೆ, ಅದಕ್ಕೆ ಮತ್ತೆ ಅಲಂಕಾರ ಅಂದ್ರೆ ತಲೆಕಟ್ಟಿನ ತುದೀಲಿ ಒಂದು ಹನಿ ಇಟ್ರೆ ಸಾಕು. ಕ್ಕ ಒತ್ತು ಕೆಳಗಿನ ಸಾಲಿಗೆ ಇಳೀತಿತ್ತು, ಜಾಗ ಬಿಟ್ಟೆ. ಆ ಕೆಳಗಿನ ಸಾಲು ಕಾಫಿ ಶೇ 80, ಚಿಕೋರಿ ಶೇ 20. ಅದನ್ನ ನಮೂದಿಸ್ಲೇಬೇಕು, ಕಾಫಿ ಶೇ 51ಕ್ಕಿಂತ ಕಮ್ಮಿ ಇರಂಗೂ ಇಲ್ಲ. ಅಲ್ಲಿ ತುಂಟಾಟ ಬೇಡ ಅಂತ ಸಾದಾ ದಪ್ಪಕ್ಷರ.

ಈ ಸಲ ಕವರು ಪಾಸಾಯ್ತು. ಮೊನ್ನೆ ಅಕ್ಕ ಫೋನ್ ಮಾಡಿ ಹೋಮ್‌ಸ್ಟೇ ಬೋರ್ಡಿಗೂ ಅದೇ ಅಕ್ಷರ ಹಾಕು ಅಂದ್ರು. ಅಕ್ಕಾ, ಓಡೋ ಕಾರಿಂದ ಓದ್ಬೇಕಲ್ಲ, ಕೂಪರ್ ಬ್ಲ್ಯಾಕ್ ಅಂತ ಒಂದು ಫಾಂಟಿದೆ, 1922ರದ್ದು, ಹಳೇದೂ ಹೌದು ಗುಂಡುಗುಂಡಾಗೂ ಇದೆ, ದೂರಕ್ಕೂ ಕಾಣುತ್ತೆ ಅಂತ ಹೇಳಿ ಸ್ಯಾಂಪಲ್ ವಾಟ್ಸಾಪ್ ಮಾಡ್ದೆ. "ಚಂದ ಇದೆ, ಆದ್ರೆ ಬಾಲ ಎಲ್ಲೋ?" ಅಂತ ರಿಪ್ಲೈ ಬಂದಿದೆ.