ಹದಿಹರೆಯದ ಮೊಮ್ಮಕ್ಕಳ ಜೊತೆ ಮುಂಬಯಿಯಲ್ಲಿ ಐದು ದಿನ

ಕಳೆದ ಡಿಸೆಂಬರಿನಲ್ಲಿ ಮಗಳ ಮಕ್ಕಳಿಬ್ಬರನ್ನು ಕರೆದುಕೊಂಡು ಐದು ದಿನ ಮುಂಬಯಿಗೆ ಹೋಗಿ ಬಂದೆ. ಮೊಮ್ಮಗಳಿಗೆ 16, ಮೊಮ್ಮಗನಿಗೆ 13, ನನಗೆ 67. ಅವರ ಅಪ್ಪ ಅಮ್ಮ ಬರಲಿಲ್ಲ, ನಾವು ಮೂವರೇ. ಬಂದ ಮೇಲೆ ನನ್ನ ವಾರಗೆಯವರು ಎಷ್ಟೋ ಜನ ಕೇಳಿದರು: "ಆ ವಯಸ್ಸಿನ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೊಡ್ಡ ಊರಲ್ಲಿ ಹೇಗೆ ಸುಧಾರಿಸಿದಿರಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲೇ ನಾನೊಂದು ನಿರ್ಧಾರ ಮಾಡಿದ್ದೆ. ದಾರಿ ಹುಡುಕುವುದು, ಟಿಕೆಟ್ ತೆಗೆಯುವುದು, ಖರ್ಚಿನ ಲೆಕ್ಕ ಬರೆಯುವುದು ಎಲ್ಲ ಮಕ್ಕಳ ಕೆಲಸ. ಈ ವಯಸ್ಸಿನವರಿಗೆ ದಿನವಿಡೀ ಹೇಳುವವರೇ ಜಾಸ್ತಿ. ನಂಬಿ ಒಂದು ಕೆಲಸ ಒಪ್ಪಿಸುವವರು ಕಡಿಮೆ. ಒಪ್ಪಿಸಿ ನೋಡಿ, ಅವರ ಮುಖವೇ ಬೇರೆ ಆಗುತ್ತದೆ.

ಊರು ಆರಿಸುವುದು

ನಮ್ಮ ಮಕ್ಕಳು ಬೆಂಗಳೂರಲ್ಲಿ ಬೆಳೆದವರು. ಮೆಟ್ರೋ, ಮಾಲ್, ಫ್ಲೈಓವರ್ ಅವರಿಗೆ ಹೊಸದಲ್ಲ. ಮಕ್ಕಳ ಊರಲ್ಲಿ ಇಲ್ಲದ್ದು ಎಲ್ಲಿದೆ ಅಂತ ಮೊದಲು ಯೋಚಿಸಿ. ಮುಂಬಯಿಯಲ್ಲಿ ಸಮುದ್ರ ಇದೆ, ಲೋಕಲ್ ರೈಲು ಇದೆ, ದಕ್ಷಿಣದ ಕಡೆ ಹೋದರೆ ಬೀದಿ ತುಂಬ ಹಳೆಯ ಕಟ್ಟಡಗಳಿವೆ. ನನಗೆ ಇನ್ನೊಂದು ಕಾರಣವೂ ಇತ್ತು. 1979ರಲ್ಲಿ, ಮದುವೆಗೆ ಮೊದಲು, ಮಾಟುಂಗಾದಲ್ಲಿದ್ದ ಅಣ್ಣನ ಖೋಲಿಯಲ್ಲಿ ಎರಡು ತಿಂಗಳು ಇದ್ದೆ. ನಿಮ್ಮ ನೆನಪು ಎಲ್ಲೋ ಒಂದು ಬೀದಿಯಲ್ಲಿ ಉಳಿದಿರುವ ಊರಾದರೆ ತುಂಬ ಒಳ್ಳೆಯದು. ಗೈಡ್ ಹೇಳದ ಮಾತು ನಿಮ್ಮ ಹತ್ತಿರ ಇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅಕ್ಟೋಬರಿನಲ್ಲಿ ಸೆಕೆ, ಏಪ್ರಿಲ್ ಮೇ ಕೇಳುವುದೇ ಬೇಡ. ಡಿಸೆಂಬರ್, ಜನವರಿ ನಮ್ಮ ವಯಸ್ಸಿನವರಿಗೂ ಹಿತ. ಆದರೆ ಹೊಸ ವರ್ಷದ ಹಿಂದಿನ ರಾತ್ರಿ ಗೇಟ್‌ವೇ ಆಫ್ ಇಂಡಿಯಾ ಕಡೆ ಕಾಲಿಡಲು ಜಾಗ ಇರುವುದಿಲ್ಲ. ನಾವು ಕ್ರಿಸ್ಮಸ್ಸಿಗೆ ಮೊದಲೇ ವಾಪಸ್ ಬಂದೆವು.

ಮಕ್ಕಳು ಮೊದಲು ಕುಮಟೆಗೆ, ನನ್ನ ಮನೆಗೆ ಬಂದರು. ಅಲ್ಲಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ. ರಜೆ ದಿನಗಳಲ್ಲಿ ಅದೇ ದಿನ ಬೆಳಿಗ್ಗೆ ಮಾಡಿಸಿಬಿಡಿ. ರೈಲಿನಲ್ಲಿ ನಾನು ಮಕ್ಕಳಿಗೆ ಒಂದೇ ಮಾತು ಹೇಳಿದೆ: ನಾನು ಮೊದಲ ಸಲ ಹೋದಾಗ ಈ ಹಳಿಯೇ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಅದಕ್ಕೂ ಮೊದಲು ಘಟ್ಟ ಹತ್ತಿ ಬಸ್ಸಿನಲ್ಲಿ ಹೋಗಬೇಕಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಮೊಮ್ಮಗ ಆಮೇಲೆ ಸುರಂಗ ಬಂದಾಗಲೆಲ್ಲ ಎಣಿಸತೊಡಗಿದ. ನಿದ್ದೆ ಬರುವ ತನಕ ಎಣಿಸಿದ.

ಉಳಿಯುವ ಜಾಗ ದಾದರ್, ಮಾಟುಂಗಾ ಸುತ್ತ ಇರಲಿ. ಪಶ್ಚಿಮ ಮತ್ತು ಮಧ್ಯ ಎರಡೂ ರೈಲು ಮಾರ್ಗ ದಾದರಿನಲ್ಲಿ ಸಿಗುತ್ತವೆ. ಎಲ್ಲೋ ದೂರದಲ್ಲಿ ಅಗ್ಗದ ರೂಮು ಹಿಡಿದರೆ ಉಳಿಸಿದ ದುಡ್ಡು ಟ್ಯಾಕ್ಸಿಗೇ ಹೋಗುತ್ತದೆ. ನಾವು ಮೊಬೈಲಿನಲ್ಲಿ ಫೋಟೋ ನೋಡಿ ಬುಕ್ ಮಾಡಿದ ಲಾಡ್ಜಿಗೆ ಲಿಫ್ಟ್ ಇರಲಿಲ್ಲ, ರೂಮು ಮೂರನೇ ಮಹಡಿ. ನನ್ನ ಮಂಡಿಗೆ ಅದು ಆಗದ ಕೆಲಸ. ಒಂದು ರಾತ್ರಿಯ ಹಣ ಬಿಟ್ಟು ಬೇರೆ ಕಡೆ ಹೋದೆವು. ಲಿಫ್ಟ್ ಇದೆಯಾ, ಮೂವರಿಗೆ ಮೂರು ಹಾಸಿಗೆ ಕೊಡುತ್ತಾರಾ ಅಂತ ಫೋನ್ ಮಾಡಿಯೇ ಕೇಳಿ. ಮಕ್ಕಳ ಆಧಾರ್ ಕೂಡ ಜೊತೆಗಿರಲಿ. ಅಜ್ಜಿ ಜೊತೆ ಬಂದವರು ಅಂದರೂ ಕೇಳುತ್ತಾರೆ.

ದಿನಗಳನ್ನು ಹಂಚುವುದು

ಐದು ದಿನದಲ್ಲಿ ಎರಡು ಮೊಮ್ಮಗಳದ್ದು, ಎರಡು ಮೊಮ್ಮಗನದ್ದು, ಒಂದು ನನ್ನದು. ಯಾರ ದಿನವೋ ಅವರೇ ಆ ದಿನದ ಯಜಮಾನರು. ಎಲ್ಲಿಗೆ ಹೋಗಬೇಕು, ಯಾವ ರೈಲು, ಊಟ ಎಲ್ಲಿ, ಆ ಜಾಗಕ್ಕೆ ರಜೆ ಯಾವತ್ತು, ಎಲ್ಲ ಅವರೇ ತಿಳಿದುಕೊಂಡು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಮಿಕ್ಕವರು ಗೊಣಗಬಾರದು. ಈ ಕಟ್ಟಳೆ ನನಗೂ ಅನ್ವಯ.

ಇದರ ಲಾಭ ಹೊರಡುವ ಮೊದಲೇ ಗೊತ್ತಾಯಿತು. ಸಮುದ್ರದ ನಡುವೆ ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕೆ ಸೋಮವಾರ ಹೋಗೋಣ ಅಂತ ನಾನು ಹೇಳಿದ್ದೆ. ಮೊಮ್ಮಗಳು ಫೋನ್ ಮಾಡಿ, "ಅಮ್ಮಮ್ಮ, ಸೋಮವಾರ ಗುಹೆಗಳಿಗೆ ರಜೆ. ನಾನು ಮಂಗಳವಾರ ಮಾಡಿದ್ದೇನೆ" ಅಂದಳು. ಅವತ್ತಿನಿಂದ ನಾನು ನಿಶ್ಚಿಂತೆ.

ಒಂದು ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು, ಸಂಜೆ ಒಂದು. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ರೂಮಿನಲ್ಲಿ ಫ್ಯಾನಿನ ಕೆಳಗೆ. ನನಗೆ ಕಾಲು ಚಾಚಬೇಕು, ಅವರಿಗೆ ಮೊಬೈಲ್ ಬೇಕು. ಆ ಹೊತ್ತಿನಲ್ಲಿ ಮೊಬೈಲ್ ಬಗ್ಗೆ ಒಂದು ಮಾತೂ ಆಡಬೇಡಿ. ಆಮೇಲೆ ಹೊರಗೆ ಹೋದಾಗ ಅವರೇ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ, ನಾನು ಕಣ್ಣಾರೆ ಕಂಡೆ. ಬೆಳಿಗ್ಗೆ ಎಂಟರ ತನಕ ಏಳಿಸಲೂ ಬೇಡಿ. ನಮಗೆ ಐದಕ್ಕೆ ಎಚ್ಚರ ಆಗುತ್ತದೆ ಅಂತ ಅವರಿಗೂ ಆಗಬೇಕಿಲ್ಲ ಅಲ್ವಾ?

ಏನು ನೋಡಿದೆವು

ಮೊದಲು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಹಳಬರು ಇನ್ನೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಅನ್ನುತ್ತಾರೆ. 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿದ ಕಟ್ಟಡ, ಯುನೆಸ್ಕೋ ಪಟ್ಟಿಗೆ ಸೇರಿದ್ದು 2004ರಲ್ಲಿ. ಇತಿಹಾಸದ ಪಾಠ ಮಾಡಲು ಹೋಗಬೇಡಿ. ಕಟ್ಟಡದ ಮೇಲೆ ಎಷ್ಟು ಪ್ರಾಣಿ ಇವೆ ಹುಡುಕಿ ಅಂದರೆ ಸಾಕು. ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಇಂಗ್ಲೆಂಡು, ಹುಲಿ ನಮ್ಮ ದೇಶ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆ ಎಂಬ ಊರಿಗೆ ಹೊರಟದ್ದು ಈ ಜಾಗದ ಹತ್ತಿರದ ಬೋರಿ ಬಂದರಿನಿಂದ. ಕತ್ತಲಾದ ಮೇಲೆ ದೀಪ ಹಾಕಿದಾಗ ಮತ್ತೊಮ್ಮೆ ನೋಡಿ.

ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಸಾಕು. ಎಲ್ಲ ಕೋಣೆ ನೋಡಲು ಹೋದರೆ ಮಕ್ಕಳು ಸೋಲುತ್ತಾರೆ. ನಾವು ಹುಡುಕಿಕೊಂಡು ಹೋದದ್ದು ನಮ್ಮ ಐಹೊಳೆಯ ಕಲ್ಲುಗಳನ್ನು. ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ ಈಗ ಅಲ್ಲಿದ್ದಾನೆ. ಮೊಮ್ಮಗಳು ಶಾಲೆಯ ಪ್ರವಾಸದಲ್ಲಿ ಐಹೊಳೆ ನೋಡಿದ್ದಳು. "ಹಾಗಾದರೆ ಅಲ್ಲಿ ಚಾವಣಿ ಖಾಲಿ ಇದೆಯಾ?" ಅಂತ ಕೇಳಿದಳು. ಆ ಪ್ರಶ್ನೆ ಹಿಡಿದುಕೊಂಡು ಊಟದ ತನಕ ಮಾತಾಡಿದೆವು.

ಎಲಿಫೆಂಟಾಕ್ಕೆ ಗೇಟ್‌ವೇಯಿಂದ ದೋಣಿ, ಸುಮಾರು ಒಂದು ಗಂಟೆ. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ದಕ್ಕೆಯಿಂದ ಪುಟ್ಟ ರೈಲು ಇದೆ, ಆಮೇಲೆ 120 ಮೆಟ್ಟಿಲು. ಹತ್ತಲಾಗದವರನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗುವವರು ಇದ್ದಾರೆ. ನಾನು ನಾಲ್ಕು ಸಲ ಕೂತು ನಿಧಾನಕ್ಕೆ ಹತ್ತಿದೆ. 15 ವರ್ಷದೊಳಗಿನವರಿಗೆ ಗುಹೆಯ ಟಿಕೆಟ್ ಇಲ್ಲ. ತಿಂಡಿ ಕೈಯಲ್ಲಿ ಹಿಡಿದುಕೊಂಡಿದ್ದರೆ ಮಂಗ ಬಿಡುವುದಿಲ್ಲ. ಒಳಗೆ ಹೋದ ಮೇಲೆ ಸದಾಶಿವನ ಮೂರ್ತಿಯ ಎದುರು ಸುಮ್ನೆ ನಿಲ್ಲಿ. ಸುಮಾರು 18 ಅಡಿ ಎತ್ತರದ ಮೂರು ಮುಖ. ಕಣ್ಣು ಕತ್ತಲೆಗೆ ಹೊಂದಿಕೊಂಡ ಹಾಗೆ ಒಂದೊಂದೇ ಮುಖ ಕಾಣುತ್ತ ಬರುತ್ತದೆ. ಇಬ್ಬರೂ ಹತ್ತು ನಿಮಿಷ ಫೋಟೋ ತೆಗೆಯಲಿಲ್ಲ.

ಮನೆಯ ಊಟದ ಡಬ್ಬಿಗಳನ್ನು ಆಫೀಸುಗಳಿಗೆ ಮುಟ್ಟಿಸುವ ಡಬ್ಬಾವಾಲರನ್ನು ನೋಡಬೇಕೆಂದು ಹೇಳಿದ್ದು ಮೊಮ್ಮಗ. ಭಾನುವಾರ ಬಿಟ್ಟು ಬೇರೆ ದಿನ, ಹನ್ನೊಂದೂವರೆ ಹೊತ್ತಿಗೆ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಹೋಗಿ ಒಂದು ಬದಿಗೆ ನಿಲ್ಲಿ. ಅವರ ದಾರಿಗೆ ಅಡ್ಡ ನಿಲ್ಲಬೇಡಿ, ಅವರಿಗೆ ಒಂದು ನಿಮಿಷವೂ ದೊಡ್ಡದು. 1890ರಿಂದ ನಡೆದು ಬಂದ ಕೆಲಸ ಇದು. ಡಬ್ಬಿಯ ಮೇಲೆ ಬಣ್ಣ, ಅಕ್ಷರ, ಅಂಕಿ. ಅಷ್ಟರಲ್ಲೇ ಯಾವ ಸ್ಟೇಷನ್, ಯಾವ ಕಟ್ಟಡ, ಎಷ್ಟನೇ ಮಹಡಿ ಎಲ್ಲ ಗೊತ್ತಾಗುತ್ತದೆ. ಹುಡುಗ ನಾಲ್ಕು ಡಬ್ಬಿಯ ಗುರುತು ಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ಬಿಡಿಸುತ್ತ ಕೂತಿದ್ದ.

ಲೋಕಲ್ ರೈಲು

ಇದಕ್ಕೆ ಸರಿಯಾಗಿ ತಯಾರಾಗಿ. ಬೆಳಿಗ್ಗೆ ಎಂಟರಿಂದ ಹನ್ನೊಂದು ದಕ್ಷಿಣಕ್ಕೆ ಹೋಗುವ ರೈಲು, ಸಂಜೆ ಐದರಿಂದ ಎಂಟೂವರೆ ಉತ್ತರಕ್ಕೆ ಬರುವ ರೈಲು ಹತ್ತಲೇಬೇಡಿ. ಅಷ್ಟು ಗರ್ದಿ. 12 ದಾಟಿದ ಹುಡುಗರು ಮಹಿಳೆಯರ ಡಬ್ಬಿಗೆ ಹತ್ತುವಂತಿಲ್ಲ, ಆದ್ದರಿಂದ ಮೊಮ್ಮಗ ಇದ್ದಾಗ ನಾವು ಜನರಲ್ ಡಬ್ಬಿ ಅಥವಾ ಫಸ್ಟ್ ಕ್ಲಾಸ್ ಹಿಡಿದೆವು. ಎ.ಸಿ. ಲೋಕಲ್‌ನಲ್ಲಿ ಬಾಗಿಲು ತಾನಾಗಿ ಮುಚ್ಚುತ್ತದೆ. ಬಾಗಿಲಲ್ಲಿ ನೇತಾಡುವ ಆಸೆ ಇರುವ ವಯಸ್ಸು ಇದು, ಹಾಗಾಗಿ ದುಡ್ಡು ಜಾಸ್ತಿಯಾದರೂ ಅದು ಒಳ್ಳೆಯದು. ಮಾಟುಂಗಾ ಮತ್ತು ಮಾಟುಂಗಾ ರೋಡ್ ಬೇರೆ ಬೇರೆ ಸ್ಟೇಷನ್, ಬೇರೆ ಬೇರೆ ಮಾರ್ಗ. ಫಾಸ್ಟ್ ರೈಲು ಎರಡರಲ್ಲೂ ನಿಲ್ಲುವುದಿಲ್ಲ.

ಮೊದಲ ರಾತ್ರಿಯೇ ಮೊಮ್ಮಗಳು ಒಂದು ನಿಯಮ ಮಾಡಿದಳು. ಯಾರಾದರೂ ರೈಲಿನಲ್ಲಿ ಉಳಿದು, ಬೇರೆಯವರು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ, ರೈಲಿನಲ್ಲಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಇಂಡಿಕೇಟರ್ (ಮುಂದಿನ ರೈಲು ತೋರಿಸುವ ಫಲಕ) ಕೆಳಗೆ ನಿಲ್ಲಬೇಕು. ವಾಪಸ್ ಬರಬಾರದು. ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಹೋಗಬೇಕು.

ಮೂರನೇ ದಿನ ದಾದರಿನಲ್ಲಿ ಅದೇ ಆಯಿತು. ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್. ಮೊಮ್ಮಗ ಹತ್ತಿದ, ನನ್ನ ಕಾಲು ಮೇಲೆ ಬರುವುದರೊಳಗೆ ರೈಲು ಹೊರಟಿತು. ಮೊಮ್ಮಗಳು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. ಆ ಗದ್ದಲದಲ್ಲಿ ಅವನ ಫೋನೂ ಸಿಗಲಿಲ್ಲ. ಮುಂದಿನ ರೈಲಿಗೆ ನಾಲ್ಕೈದು ನಿಮಿಷ, ಅದು ನಾಲ್ಕೈದು ತಾಸಿನ ಹಾಗಿತ್ತು. ಪ್ರಭಾದೇವಿ ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಹುಡುಗ ಇಂಡಿಕೇಟರ್ ಕೆಳಗೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಮುಖ ಬಿಳಿಚಿತ್ತು, ಆದರೆ ಅಲ್ಲಾಡಿರಲಿಲ್ಲ. ನಾನು ಬೈಯಲಿಲ್ಲ. "ಸರಿಯಾಗಿ ಮಾಡಿದೆ ಪುಟ್ಟಾ" ಅಂದೆ. ನೀವು ಹೋಗುವ ಮೊದಲು ಈ ನಿಯಮ ಮಕ್ಕಳ ಬಾಯಲ್ಲಿ ಎರಡು ಸಲ ಹೇಳಿಸಿ.

ಅಲ್ಲಿಂದ ನೇರ ಸಮುದ್ರದಂಚಿನ ಮರೀನ್ ಡ್ರೈವ್‌ಗೆ ಹೋದೆವು. ಸೂರ್ಯ ಮುಳುಗುವ ಮೊದಲು ಹೋಗಿ ದೀಪ ಹತ್ತುವ ತನಕ ಕಟ್ಟೆಯ ಮೇಲೆ ಕೂತಿರಿ. ಬೇರೆ ಏನೂ ಮಾಡುವುದು ಬೇಡ. ಶಾಲೆ, ಗೆಳೆಯರು, ಮನೆಯಲ್ಲಿ ಹೇಳದ ಸಂಗತಿಗಳು, ಎಲ್ಲ ಆ ಕತ್ತಲಲ್ಲಿ ತಾವಾಗಿ ಹೊರಗೆ ಬಂದವು. ನಾನು ಕೇಳಿಸಿಕೊಂಡೆ. ಅವರ ಅಮ್ಮನಿಗೂ ಹೇಳಿಲ್ಲ.

ಊಟ, ದುಡ್ಡು

ವಡಾಪಾವ್, ಪಾವ್ ಭಾಜಿ ಮಕ್ಕಳೇ ಹುಡುಕುತ್ತಾರೆ, ಅದರ ಚಿಂತೆ ಬೇಡ. ಧೋಬಿ ತಲಾವ್ ಹತ್ತಿರದ ಕಯಾನಿಯಂಥ ಹಳೆಯ ಇರಾನಿ ಹೋಟೆಲಿನಲ್ಲಿ ಒಮ್ಮೆ ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್), ಚಹಾ ಕೊಡಿಸಿ. ಅದು 1904ರ ಹೋಟೆಲು. ಬಾಟಲಿ ನೀರು ಮಾತ್ರ ಕುಡಿಯಿರಿ.

ನನ್ನ ದಿನ ಮಾಟುಂಗಾದ್ದು. ಸ್ಟೇಷನ್ನಿನಲ್ಲೇ ಮೊಮ್ಮಗಳಿಗೆ ಒಂದು ಖುಷಿ ಕಾದಿತ್ತು. 2017ರಿಂದ ಮಧ್ಯ ರೈಲ್ವೆಯ ಈ ಮಾಟುಂಗಾ ಸ್ಟೇಷನ್ ಪೂರ್ತಿ ಹೆಂಗಸರ ಕೈಯಲ್ಲಿದೆ. ಹತ್ತಿರದಲ್ಲೇ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಅಣ್ಣ ಸಂಬಳದ ದಿನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಮೂವರೂ ಬಾಳೆ ಎಲೆಯಲ್ಲಿ ಉಂಡೆವು. ಸಾರನ್ನ ಉಣ್ಣುತ್ತ ಮೊಮ್ಮಗ, "ಅಮ್ಮಮ್ಮ, ನಿಮ್ಮ ಅಣ್ಣ ಎಷ್ಟು ವರ್ಷ ಒಬ್ಬರೇ ಇದ್ದರು ಇಲ್ಲಿ?" ಅಂತ ಕೇಳಿದ. ಒಂಬತ್ತು ವರ್ಷ ಅಂದೆ. ಅಣ್ಣನ ಖೋಲಿ ಇದ್ದ ಚಾಳು, ಅಂದರೆ ಸಾಲು ಖೋಲಿಗಳ ಹಳೆಯ ಕಟ್ಟಡ, ಈಗಿಲ್ಲ, ದೊಡ್ಡ ಕಟ್ಟಡ ಎದ್ದಿದೆ. ಆದರೂ ಆ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡೆವು.

ದಿನಕ್ಕೆ ಒಬ್ಬೊಬ್ಬರ ಕೈಗೆ 500 ರೂಪಾಯಿ ಕೊಟ್ಟಿದ್ದೆ. ತಿಂಡಿ, ಸಣ್ಣ ಸಾಮಾನು ಎಲ್ಲ ಅದರಲ್ಲೇ, ಉಳಿದದ್ದು ಅವರದ್ದೇ. ಎರಡನೇ ದಿನದಿಂದ ಚೌಕಾಸಿ ಕಲಿತರು. ಟ್ಯಾಕ್ಸಿ ಮೀಟರಿನ ಮೇಲೆ ಹೋಗುತ್ತದಾ ಅಂತ ಹತ್ತುವ ಮೊದಲೇ ಕೇಳಲಿ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಇಲ್ಲ.

ಕೊನೆಯ ಅರ್ಧ ದಿನ ಏನೂ ಇಟ್ಟುಕೊಳ್ಳಬೇಡಿ. ನಾನು ದಿನಾ ಬೆಳಿಗ್ಗೆ ಆರಕ್ಕೆ ದಾದರಿನ ಹೂವಿನ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಬರುತ್ತಿದ್ದೆ. ಆ ದಿನ ಚಪ್ಪಲಿ ಹಾಕುವಾಗ ಮೊಮ್ಮಗಳು ಹಾಸಿಗೆಯಿಂದ ಎದ್ದು, "ನಾನೂ ಬರುತ್ತೇನೆ, ಎರಡು ನಿಮಿಷ" ಅಂದಳು. ಚೆಂಡುಹೂವಿನ ರಾಶಿಗಳ ನಡುವೆ ಒಂದು ತಾಸು ತಿರುಗಿದೆವು. ಹತ್ತು ರೂಪಾಯಿಗೆ ಒಂದು ತುಂಡು ಮಲ್ಲಿಗೆ ಕೊಂಡು, ಅಲ್ಲೇ ನಿಂತು ನನ್ನ ಮುಡಿಗೆ ಅವಳೇ ಮುಡಿಸಿದಳು.