ಹುಲಿ ಕಾಣದಿದ್ದರೂ ಪಾಠ ನಡೆಯಬೇಕು: ನಾಗರಹೊಳೆಗೆ ಶಾಲಾ ಮಕ್ಕಳನ್ನು ಕರೆದೊಯ್ಯುವ ಬಗೆ

ದಕ್ಷಿಣ ಕೊಡಗಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದ ಹೊಸದರಲ್ಲಿ ನಾನು ಐವತ್ತು ಮಕ್ಕಳನ್ನು ಒಂದೇ ಬಸ್ಸಿನಲ್ಲಿ ಕೂರಿಸಿಕೊಂಡು ನಾಗರಹೊಳೆಗೆ ಹೋಗಿದ್ದೆ. ಹುಲಿ ನೋಡಿಕೊಂಡು ಬರೋಣ ಎಂದು ಒಂದು ವಾರ ಮೊದಲೇ ಹೇಳಿಬಿಟ್ಟಿದ್ದೆ. ದಾರಿಯುದ್ದಕ್ಕೂ ಜಿಂಕೆಗಳಿದ್ದವು, ಕಾಡಿನ ನಡುವಿನ ಜೌಗು ಹುಲ್ಲುಬಯಲಾದ ಹಡ್ಲೊಂದರಲ್ಲಿ ಕಾಟಿಗಳ (ಕಾಡೆಮ್ಮೆಗಳ) ಹಿಂಡು ಮೇಯುತ್ತಿತ್ತು, ಮತ್ತಿ ಮರದ ತುದಿಯಲ್ಲಿ ಕೆಂದಳಿಲು ಕಟ್ಟಿದ ಗೂಡಿತ್ತು. ಆದರೂ ಮರಳುವಾಗ ಮಕ್ಕಳ ಬಾಯಲ್ಲಿ "ಏನೂ ಸಿಗಲಿಲ್ಲ ಮಿಸ್" ಎಂಬ ಒಂದೇ ಮಾತು. ನಾನು ಕೊಟ್ಟ ಭರವಸೆಯೇ ಆ ನಿರಾಸೆಗೆ ಕಾರಣವಾಗಿತ್ತು. ಆಮೇಲಿನ ವರ್ಷಗಳಲ್ಲಿ ತಿದ್ದಿಕೊಳ್ಳುತ್ತಾ ಬಂದ ಕ್ರಮವನ್ನು, ಇದೇ ಕೆಲಸಕ್ಕೆ ಹೊರಟಿರುವ ಶಿಕ್ಷಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬೆಂಗಳೂರಿನ ಮಗುವಿಗೆ ಕಾಡು ಎಂದರೆ ದೂರದ ಊರು. ನಮ್ಮ ಮಕ್ಕಳಿಗೆ ಅದು ತೋಟದ ಬೇಲಿಯಾಚೆ ಇರುವ ನೆರೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಗು ಆನೆ ನಿಂತಿದೆಯೇ ಎಂದು ನೋಡಿಕೊಂಡೇ ಬೆಳಿಗ್ಗೆ ಶಾಲೆಯ ದಾರಿ ಹಿಡಿಯುತ್ತದೆ. ಆದಿವಾಸಿಗಳ ಹಾಡಿಯಿಂದ ಬರುವ ಮಗುವಿಗೆ ನಮಗಿಂತ ಹೆಚ್ಚು ಗಿಡಗಳ ಹೆಸರು ಗೊತ್ತಿರುತ್ತದೆ. ಆದ್ದರಿಂದ ಪಾಠವನ್ನು ಉದ್ಯಾನದ ಗೇಟಿನಲ್ಲಿ ಆರಂಭಿಸುವ ಬದಲು, ಭೇಟಿಗೆ ಕನಿಷ್ಠ ಒಂದು ತಿಂಗಳು ಮೊದಲು ಶಾಲೆಯ ಅಂಗಳದಲ್ಲೇ ಆರಂಭಿಸುವುದು ಒಳ್ಳೆಯದು.

ಶಾಲೆಯಲ್ಲಿ ಮಾಡಬೇಕಾದ ಸಿದ್ಧತೆ

ಮೊದಲ ದಿನ ಪ್ರತಿ ಮಗುವೂ ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯ ನಕಾಶೆ ಬರೆಯಲಿ. ತೋಟ, ಗದ್ದೆ, ಕೆರೆ, ದೇವರಕಾಡು, ಆನೆ ಕಂದಕ, ಸೋಲಾರ್ ಬೇಲಿ, ಹಲಸಿನ ಮರ ಎಲ್ಲವೂ ಅದರಲ್ಲಿ ಬರಬೇಕು. ಕಾಡುಪ್ರಾಣಿ ಅಥವಾ ಅದರ ಗುರುತು ಕಂಡ ಜಾಗಕ್ಕೆ ಕೆಂಪು ಚುಕ್ಕೆ ಇಡಬೇಕು. ಇಂಥ ನಕಾಶೆಗಳನ್ನು ಗೋಡೆಯ ಮೇಲೆ ಜೋಡಿಸಿ ಅಂಟಿಸಿದರೆ ಕೆಂಪು ಚುಕ್ಕೆಗಳು ಕೆರೆಯ ಏರಿ, ಹಲಸಿನ ಮರ ಮತ್ತು ಕಂದಕ ಕುಸಿದ ಜಾಗಗಳ ಸುತ್ತ ಗುಂಪುಗೂಡುವುದು ಕಾಣುತ್ತದೆ. ಆನೆ ತೋಟಕ್ಕೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ನೀರು, ಮೇವು, ನೆರಳು ಎಂಬ ಉತ್ತರವನ್ನು ಮಕ್ಕಳೇ ಹೇಳುತ್ತಾರೆ. ನಾವು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದಕ್ಕಿಂತ ಅದು ಗಟ್ಟಿಯಾಗಿ ಉಳಿಯುತ್ತದೆ.

ಅದರ ನಂತರ ಜಿಲ್ಲೆಯ ನಕಾಶೆಯನ್ನು ತೆರೆಯಿರಿ. ನಾಗರಹೊಳೆ 1955ರಲ್ಲಿ ವನ್ಯಜೀವಿ ಧಾಮವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು; ಕೊಡಗು ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿರುವ ಅದರ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಇಂದಿಗೂ ವನ್ಯಜೀವಿ ಧಾಮಗಳೇ. ಧಾಮಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಧಾಮದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ದನ ಸಾಕುವ ಮನೆಯ ಮಕ್ಕಳು ಇದನ್ನು ಕೇಳಿದ ಕೂಡಲೇ "ಏಕೆ?" ಎನ್ನುತ್ತಾರೆ. ಜಿಂಕೆಗೂ ದನಕ್ಕೂ ಹುಲ್ಲು ಒಂದೇ ಎಂಬುದು, ದನದಿಂದ ಕಾಡುಪ್ರಾಣಿಗೆ ರೋಗ ಹರಡಬಹುದೆಂಬುದು, ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆಪ್ರಾಣಿಗಳು ಬೇಕೆಂಬುದು ಅಲ್ಲಿಂದಲೇ ಬಿಚ್ಚಿಕೊಳ್ಳುವ ಪಾಠಗಳು.

ಹುಲಿ ಎಣಿಕೆಯನ್ನು ತಿಳಿಸಲು ಒಂದು ಸ್ಟಾಂಪ್ ಪ್ಯಾಡ್ ಸಾಕು. ಪ್ರತಿಯೊಬ್ಬರೂ ಕಾಗದದ ಮೇಲೆ ಎರಡೂ ಹೆಬ್ಬೆಟ್ಟು ಒತ್ತಲಿ, ಹೆಸರು ಬರೆಯದ ಮತ್ತೊಂದು ಚೀಟಿಯಲ್ಲಿ ಬಲಗೈಯದನ್ನು ಮಾತ್ರ ಒತ್ತಲಿ. ಚೀಟಿಗಳನ್ನು ಕಲಸಿ, ಯಾರದು ಯಾವುದು ಎಂದು ಭೂತಗನ್ನಡಿಯಲ್ಲಿ ಹುಡುಕಲಿ. ಹುಲಿಯ ಮೈಮೇಲಿನ ಪಟ್ಟೆಯೂ ಹೀಗೆಯೇ, ಒಂದರದು ಇನ್ನೊಂದಕ್ಕಿಲ್ಲ, ಎಡ ಮಗ್ಗುಲಿನದು ಬಲ ಮಗ್ಗುಲಿಗಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಕ್ಯಾಮೆರಾಗಳನ್ನು ಮರಕ್ಕೆ ಕಟ್ಟಿ, ಪಟ್ಟೆ ನೋಡಿ ಹುಲಿಗಳನ್ನು ಗುರುತಿಸುವ ಕೆಲಸ ಮಾಡಿದ್ದು ಇದೇ ನಾಗರಹೊಳೆಯಲ್ಲಿ ಎಂದಾಗ ಮಕ್ಕಳ ಮುಖ ಅರಳುತ್ತದೆ.

ಹೆಜ್ಜೆ ಮತ್ತು ಲದ್ದಿ

ನನ್ನ ಅನುಭವದಲ್ಲಿ ಇಡೀ ಕಾರ್ಯಕ್ರಮದ ಜೀವಾಳ ಇದೇ, ಆದ್ದರಿಂದ ಇದಕ್ಕೆ ಎರಡು ಪೂರ್ಣ ಅವಧಿಗಳನ್ನಾದರೂ ಮೀಸಲಿಡಬೇಕು. ಶಾಲೆಯ ಹತ್ತಿರದ ತೋಟದಲ್ಲಿ ಆನೆ ಬಂದು ಹೋಗಿ ಒಂದೆರಡು ದಿನವಾಗಿದ್ದರೆ, ಆನೆಗಳು ಆ ಸುತ್ತಿನಲ್ಲಿ ಇಲ್ಲವೆಂಬುದನ್ನು ಅರಣ್ಯ ಸಿಬ್ಬಂದಿಯಿಂದ ಖಚಿತಪಡಿಸಿಕೊಂಡು, ಅವರನ್ನು ಜೊತೆಗಿಟ್ಟುಕೊಂಡೇ, ನಡುಹಗಲಿನಲ್ಲಿ ಹತ್ತು ಹದಿನೈದು ಮಕ್ಕಳನ್ನು ಕರೆದೊಯ್ಯಿರಿ. ಖಚಿತವಿಲ್ಲದಿದ್ದರೆ ಹೋಗಲೇಬೇಡಿ.

ಒದ್ದೆ ಮಣ್ಣಿನಲ್ಲಿ ಆನೆಯ ಮುಂಗಾಲಿನ ಹೆಜ್ಜೆ ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದಕ್ಕೆ ಮೂಡಿರುತ್ತದೆ. ಮುಂಗಾಲಿನ ಹೆಜ್ಜೆಯ ಅಂಚಿಗೆ ಸರಿಯಾಗಿ ಒಂದು ಹಗ್ಗವನ್ನು ಸುತ್ತಲೂ ಇಟ್ಟು, ಆ ಹಗ್ಗವನ್ನು ಅಳತೆಪಟ್ಟಿಯ ಮೇಲೆ ಚಾಚಿ, ಬಂದ ಅಳತೆಯನ್ನು ಎರಡರಿಂದ ಗುಣಿಸಿದರೆ ಭುಜದವರೆಗಿನ ಆನೆಯ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಒಮ್ಮೆ ನಮ್ಮ ಹಗ್ಗ 130 ಸೆಂಟಿಮೀಟರ್ ತೋರಿಸಿತು. ಹುಡುಗಿಯೊಬ್ಬಳು 260 ಎಂದು ಲೆಕ್ಕ ಹಾಕಿ, ಶಾಲೆಗೆ ಮರಳಿದ ಮೇಲೆ ಬೆಂಚಿನ ಮೇಲೆ ಹತ್ತಿ ಗೋಡೆಯಲ್ಲಿ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದಳು; ಬಾಗಿಲಿಗಿಂತ ಮೇಲಿದ್ದ ಆ ಗೆರೆಯ ಕೆಳಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ನಿಂತು ತಲೆಯೆತ್ತಿ ನೋಡಿದರು. ತಾವು ಹೆದರುತ್ತಿದ್ದ ಪ್ರಾಣಿಯ ಎತ್ತರವನ್ನು ತಾವೇ ಅಳೆದು ತಿಳಿದ ಮಕ್ಕಳ ಮೌನವನ್ನು ನಾನು ಮರೆತಿಲ್ಲ.

ಲದ್ದಿಯನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಬಿಡಿಸಬೇಕು. ಆನೆ ತಿಂದುದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲವಾದ್ದರಿಂದ ಬಿದಿರಿನ ನಾರು, ಹುಲ್ಲು, ಮರದ ತೊಗಟೆ, ಹಲಸಿನ ಬೀಜ, ಕೆಲವೊಮ್ಮೆ ಕಾಫಿ ಬೀಜವೂ ಇದ್ದಂತೆಯೇ ಸಿಗುತ್ತವೆ. ಕೆಳಭಾಗದಲ್ಲಿ ಸಗಣಿ ಹುಳುಗಳು ಮಣ್ಣು ಕೊರೆದಿರುತ್ತವೆ, ಬದಿಯಲ್ಲಿ ಗೆದ್ದಲು ಹತ್ತಿರುತ್ತದೆ. ಸಿಕ್ಕಿದ ಬೀಜಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದು, ಕೆಲವನ್ನು ಶಾಲೆಯ ಹಿತ್ತಲಿನಲ್ಲಿ ಊರಿ ಮೊಳಕೆ ಬರುವವರೆಗೆ ಕಾಯಿರಿ. ಕೊನೆಯಲ್ಲಿ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ಇದೇ ಪಾಠದ ಮುಂದುವರಿಕೆಯಾಗಿ ಹುಲಿ, ಚಿರತೆಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಮೂಡುವುದಿಲ್ಲ, ನಾಯಿ ಮತ್ತು ಸೀಳುನಾಯಿಯ ಹೆಜ್ಜೆಯಲ್ಲಿ ಮೂಡುತ್ತದೆ ಎಂಬುದನ್ನು ಶಾಲೆಯ ಬಳಿಯ ನಾಯಿ, ಬೆಕ್ಕುಗಳ ಹೆಜ್ಜೆ ತೋರಿಸಿಯೇ ಕಲಿಸಬಹುದು.

ಭೇಟಿಯ ಏರ್ಪಾಡು ಮತ್ತು ಆ ದಿನ

ನವೆಂಬರಿನಿಂದ ಜನವರಿಯವರೆಗಿನ ಅವಧಿ ಸೂಕ್ತ. ಮಳೆಗಾಲದಲ್ಲಿ ದಾರಿ ಕೆಡುತ್ತದೆ, ಜಿಗಣೆ ಕಾಟ ಹೆಚ್ಚು; ಫೆಬ್ರವರಿಯ ನಂತರ ಎಲೆಯುದುರಿದ ಕಾಡಿನಲ್ಲಿ ಬೆಂಕಿಯ ಭಯವಿದ್ದು ಸಿಬ್ಬಂದಿ ಆ ಕೆಲಸದಲ್ಲೇ ಮುಳುಗಿರುತ್ತಾರೆ, ಉಣ್ಣೆಗಳೂ ಮೈಗೆ ಹತ್ತುತ್ತವೆ. ವಲಯ ಅರಣ್ಯಾಧಿಕಾರಿಗೆ ಲಿಖಿತ ಮನವಿ, ಶಿಕ್ಷಣ ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಈ ಮೂರೂ ಇಲ್ಲದೆ ಹೊರಡಬಾರದು. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಕಾರ್ಯಕ್ರಮದಲ್ಲಿ ನಿಮ್ಮ ಶಾಲೆಗೆ ಅವಕಾಶವಿದೆಯೇ ಎಂದು ಆಗಲೇ ವಿಚಾರಿಸಿ. ಕುಟ್ಟದ ಕಡೆಯವರಿಗೆ ನಾಣಚ್ಚಿ ಗೇಟ್, ಗೋಣಿಕೊಪ್ಪ, ತಿತಿಮತಿ ಕಡೆಯವರಿಗೆ ಆನೆಚೌಕೂರು ಗೇಟ್ ಹತ್ತಿರ. ಆ ಹೊತ್ತಿಗೆ ಸಫಾರಿ ನಡೆಯುತ್ತಿದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ಮತ್ತಿಗೋಡು ಆನೆ ಶಿಬಿರದಲ್ಲಿ ಮಾವುತ, ಕಾವಾಡಿಗಳೊಡನೆ ಒಂದು ಬೆಳಗು ಕಳೆಯುವುದೂ ಕಡಿಮೆಯ ಪಾಠವೇನಲ್ಲ.

ಸಫಾರಿಗೆ ಮುನ್ನ ಪ್ರತಿ ಮಗುವಿಗೂ ಒಂದೊಂದು ಕೆಲಸ ಹಂಚಿಬಿಡಿ. ಒಬ್ಬರು ದನಿಗಳನ್ನು ಬರೆಯಲಿ, ಒಬ್ಬರು ಮರಗಳನ್ನು, ಒಬ್ಬರು ಹೆಜ್ಜೆ ಲದ್ದಿಗಳನ್ನು, ಮತ್ತೊಬ್ಬರು ಲಂಟಾನ ಎಲ್ಲೆಲ್ಲಿ ಆವರಿಸಿದೆ ಎಂಬುದನ್ನು. ಮರದ ಮೇಲೆ ಮುಸುವಗಳೂ ಕೆಳಗೆ ಜಿಂಕೆಗಳೂ ಒಟ್ಟಿಗಿದ್ದರೆ ಗಾಡಿ ನಿಲ್ಲಿಸಲು ಕೇಳಿ, ಐದು ನಿಮಿಷ ಸದ್ದಿಲ್ಲದೆ ನೋಡಿ: ಮುಸುವ ಬೀಳಿಸಿದ ಚಿಗುರನ್ನು ಜಿಂಕೆ ತಿನ್ನುತ್ತದೆ, ಮೇಲಿನಿಂದ ಮುಸುವ ಕೊಡುವ ಎಚ್ಚರಿಕೆಯ ಕೂಗಿಗೆ ಜಿಂಕೆ ಕಿವಿ ನಿಮಿರಿಸುತ್ತದೆ. ಆ ಕೂಗು ಕೇಳಿದರೆ ಹುಲಿ ಕಾಣದಿದ್ದರೂ ಅದೋ ಚಿರತೆಯೋ ಅಲ್ಲೆಲ್ಲೋ ಇದೆಯೆಂದು ಮಕ್ಕಳೇ ಊಹಿಸುತ್ತಾರೆ. ಗಾಢ ಬಣ್ಣದ ಬಟ್ಟೆ, ಸೆಂಟು, ತಿಂಡಿ ಪೊಟ್ಟಣ, ಮೊಬೈಲ್ ಹಾಡು ಇವು ಯಾವುವೂ ಬೇಡ. ಶಿಕ್ಷಕರ ಮೊಬೈಲೂ ಚೀಲದಲ್ಲೇ ಇರಲಿ.

ಗಸ್ತು ತಿರುಗುವ ಅರಣ್ಯ ವೀಕ್ಷಕರೊಬ್ಬರ ಜೊತೆ ಅರ್ಧ ಗಂಟೆ ಮಾತಿಗೆ ಅವಕಾಶ ಕೇಳಿಕೊಳ್ಳಿ. ಈ ಕಾಡನ್ನು ಬೇಟೆಗಾರರಿಂದ, ಮರಗಳ್ಳರಿಂದ ಕಾಯಲು ದಶಕಗಳ ಕಾಲ ದುಡಿದು, ಆಮೇಲೆ ಊರೂರಿನ ಮಕ್ಕಳಿಗೆ ಕಾಡಿನ ಪಾಠ ಹೇಳುತ್ತಾ ಬಂದ ಕೆ.ಎಂ. ಚಿಣ್ಣಪ್ಪನವರು ಕೊಡಗಿನವರೇ, ಅವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರಲೇಬೇಕು.

ಕಷ್ಟದ ಪ್ರಶ್ನೆಗಳು

ತರಗತಿಯಲ್ಲಿ ಆನೆಯಿಂದ ತಂದೆಯನ್ನೋ ನೆಂಟರನ್ನೋ ಕಳೆದುಕೊಂಡ ಮಗು ಇರಬಹುದು. ಆ ಮಗುವಿನ ಎದುರು "ಆನೆ ನಮ್ಮ ಸ್ನೇಹಿತ" ಎಂಬ ಘೋಷಣೆ ಕೂಗಿಸುವುದು ಕ್ರೌರ್ಯ. ದುಃಖವನ್ನು ದುಃಖವೆಂದೇ ಒಪ್ಪಿಕೊಂಡು, ಮುಂಜಾನೆ ಮುಸ್ಸಂಜೆ ಒಂಟಿಯಾಗಿ ತೋಟದ ದಾರಿಯಲ್ಲಿ ನಡೆಯದಿರುವುದು, ಆನೆ ಕಂಡರೆ ಫೋಟೋಗೆ ನಿಲ್ಲದೆ ಹಿಂದೆ ಸರಿಯುವುದು, ಇಲಾಖೆಗೆ ಸುದ್ದಿ ಮುಟ್ಟಿಸುವುದು ಇವನ್ನು ಎಲ್ಲರಿಗೂ ಕಲಿಸಿ. ಆ ಮಗು ಪ್ರವಾಸಕ್ಕೆ ಬರಲು ಒಲ್ಲೆನೆಂದರೆ ಒತ್ತಾಯ ಬೇಡ.

ಹಾಗೆಯೇ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಮಕ್ಕಳು ಈ ಕಾಡನ್ನು ಅಜ್ಜ ಅಜ್ಜಿಯರ ಊರೆಂದು ಕೇಳಿ ಬೆಳೆದವರು. ಕಾಡಿನಿಂದ ಹೊರಗೆ ಬಂದ ಮನೆಗಳೂ ಉಂಟು, ಒಳಗೇ ಉಳಿದ ಹಾಡಿಗಳೂ ಉಂಟು. 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದೇ ಇಂಥ ಪ್ರಶ್ನೆಗಳ ಕಾರಣಕ್ಕೆ. ಇದನ್ನು ಮುಚ್ಚಿಟ್ಟು ಸಂರಕ್ಷಣೆಯ ಪಾಠ ಮಾಡಲು ಬರುವುದಿಲ್ಲ. ಹಾಡಿಯ ಹಿರಿಯರೊಬ್ಬರನ್ನು ಗೌರವದಿಂದ ಶಾಲೆಗೆ ಕರೆಸಿ, ಹೆಜ್ಜೇನು ಯಾವ ಮರದಲ್ಲಿ ಕಟ್ಟುತ್ತದೆ, ಯಾವಾಗ ಇಳಿಸಬೇಕು, ಎಷ್ಟು ಬಿಡಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿಸಿ. ಅವರಿಗೆ ಒಂದು ದಿನದ ಕೂಲಿ ತಪ್ಪುತ್ತದೆ ಎಂಬುದನ್ನು ಮರೆಯದೆ ಗೌರವಧನ ಕೊಡಿ.

ಮರಳಿದ ಮೇಲೆ

ಒಂದು ವಾರದೊಳಗೆ ಮಕ್ಕಳು ಮತ್ತೆ ಅದೇ ದಾರಿಯ ನಕಾಶೆ ಬರೆಯಲಿ. ಮೊದಲನೆಯದರಲ್ಲಿ "ಮರ" ಎಂದಷ್ಟೇ ಇದ್ದಲ್ಲಿ ಈಗ ನಂದಿ, ಹೊನ್ನೆ, ಬೀಟೆ ಎಂಬ ಹೆಸರುಗಳು ಬಂದಿದ್ದರೆ ಭೇಟಿ ಫಲಿಸಿತೆಂದು ತಿಳಿಯಬಹುದು. ನಾನು ಬೇರೆ ಪರೀಕ್ಷೆ ಇಡುವುದಿಲ್ಲ. ಮುಂದಿನ ತಿಂಗಳುಗಳ ಕೆಲಸಕ್ಕೆ ದೇವರಕಾಡು ಇದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನ ತಕ್ಕರ (ಊರು, ದೇವಸ್ಥಾನದ ಮುಖ್ಯಸ್ಥರ) ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಅಲ್ಲಿನ ಕಟ್ಟುಪಾಡಿನಂತೆ ನಡೆದುಕೊಂಡು, ಹತ್ತು ಹೆಜ್ಜೆ ಉದ್ದ ಹತ್ತು ಹೆಜ್ಜೆ ಅಗಲದ ಜಾಗದಲ್ಲಿ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿ, ಪಕ್ಕದ ತೋಟದಲ್ಲೂ ಅಷ್ಟೇ ಜಾಗ ಅಳೆದು ಎಣಿಸಿ ಹೋಲಿಸಲಿ.

ಈ ಎಲ್ಲ ಲೆಕ್ಕಗಳಿಗೂ ದಪ್ಪ ರಟ್ಟಿನ ಒಂದೇ ಪುಸ್ತಕವಿರಲಿ. ಹೆಜ್ಜೆಯ ಸುತ್ತಳತೆ, ಲದ್ದಿಯಲ್ಲಿ ಸಿಕ್ಕ ಬೀಜ, ಮಂಗಟ್ಟೆ ಕಂಡ ದಿನ, ಬಿದಿರು ಹೂ ಬಿಟ್ಟ ವರ್ಷ ಎಲ್ಲವನ್ನೂ ತಾರೀಕು ಹಾಕಿ ಅದರಲ್ಲಿ ಬರೆಯಬೇಕು. ಹತ್ತನೆಯ ತರಗತಿ ಮುಗಿಸಿದವರು ಮಾರ್ಚಿನಲ್ಲಿ ಆ ಪುಸ್ತಕವನ್ನೂ ಅಳತೆಯ ಹಗ್ಗವನ್ನೂ ಎಂಟನೆಯ ತರಗತಿಯವರ ಕೈಗೆ ಕೊಟ್ಟು, ಹಗ್ಗ ಹಿಡಿಯುವ ಕ್ರಮವನ್ನು ಅವರೇ ಒಮ್ಮೆ ತೋರಿಸಿಕೊಟ್ಟು ಹೋಗಲಿ.