ಆಡಿಯೋಫೈಲ್ ಸ್ವಿಚ್ ಬಿಸಿ ಇಳಿಸಿದ ಕಥೆ: ನನ್ನ ಅನುಭವ

ಆಡಿಯೋಫೈಲ್ ಸ್ವಿಚ್ ಅಂದ್ರೆ ನೆಟ್‌ವರ್ಕ್ ಕೇಬಲ್‌ಗಳನ್ನ ಸೇರಿಸಿ ಹಾಡನ್ನ ಪ್ಲೇಯರಿಗೆ ಸಾಗಿಸೋ ಡಬ್ಬಿ, ಸೌಂಡ್ ಚೆನ್ನಾಗಿರುತ್ತೆ ಅಂತ ದುಬಾರಿಗೆ ಮಾರೋದು. ನಂದು ವಿಪರೀತ ಬಿಸಿಯಾಗಿ ಹಾಡು ನಿಲ್ತಿತ್ತು, ಎರಡು ಬೇಸಿಗೆ ಇದರ ಹಿಂದೆ ಬಿದ್ದಿದ್ದೆ. ಈ ಸಲ ಏಪ್ರಿಲ್ ಪೂರ್ತಿ ಒಂದು ದಿನಾನೂ ಹಾಡು ನಿಲ್ಲಲಿಲ್ಲ, ಅದಕ್ಕೇ ಬರೀತಿದೀನಿ. "ಲೀನಿಯರ್ ಅಂದ್ಮೇಲೆ ಬಿಸಿ ಆಗ್ಲೇಬೇಕು ಕಣ್ರೀ, ಕೈ ಹಾಕಿದ್ರೆ ಸೌಂಡ್ ಹಾಳಾಗುತ್ತೆ" ಅಂದವರು ನಮ್ಮ ಬಳಗದಲ್ಲೇ ಮೂರ್ನಾಲ್ಕು ಜನ. ಲೀನಿಯರ್ ಅಂದ್ರೆ ಹೆಚ್ಚಿನ ವೋಲ್ಟೇಜನ್ನ ಶಾಖವಾಗಿ ಸುಟ್ಟು ಇಳಿಸೋ ಸಪ್ಲೈ.

ನಂದು ಸೆಕೆಂಡ್ ಹ್ಯಾಂಡ್, ಎಂಟು ಪೋರ್ಟು, 26 ಸಾವಿರ ಚಿಲ್ಲರೆ ಕೊಟ್ಟಿದ್ದೆ. ತುಮಕೂರಲ್ಲಿ ನಮ್ಮನೆ ಮಹಡಿ ರೂಮು, ಮೇಲೆ ಬರೀ ತಾರಸಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ್ಮೇಲೆ ಕೇಳ್ಲೇಬೇಡಿ, ಮಾರ್ಚ್ ಕೊನೇಲಿ ಮಧ್ಯಾಹ್ನ ರೂಮೊಳಗೇ 36 ಡಿಗ್ರಿ, ಡಬ್ಬಿ ಮೇಲೆ ಅಳೆದ್ರೆ 62. ಬೆರಳು ಇಟ್ಟಂಗೇ ಎಳ್ಕೋಬೇಕು. ಮೂರು ಗಂಟೆ ಹೊತ್ತಿಗೆ ಲಿಂಕ್ ಲೈಟು ಆರೋದು, ಆಲಾಪನೆ ಅರ್ಧಕ್ಕೇ ಕಟ್.

ಮೊದಲು 350 ರೂಪಾಯಿ ಫ್ಯಾನ್ ಇಟ್ಟೆ. ಬಿಸಿ ಇಳೀತು, ಆದ್ರೆ ತಂಬೂರಿ ಜೊತೆ ಫ್ಯಾನ್ ಸದ್ದೂ ಸೇರ್ಕೊಂಡ್ತು, ತೆಗೆದೆ. ಆಮೇಲೆ ಡಬ್ಬಿ ಬಿಚ್ಚಿದೆ. ಒಳಗೆ ಬರೋದು 12 ವೋಲ್ಟ್, ಲೀನಿಯರ್ ರೆಗ್ಯುಲೇಟರ್ ಅದನ್ನ 3.3ಕ್ಕೆ ಇಳಿಸುತ್ತೆ. ಮೀಟರ್ ಹಾಕಿದ್ರೆ ಹತ್ತತ್ರ 450 ಮಿಲಿಆಂಪ್. ಅಂದ್ರೆ 5.4 ವ್ಯಾಟ್ ಎಳೆದು ಕೆಲಸಕ್ಕೆ ಬಳಸೋದು ಒಂದೂವರೆ, ಮಿಕ್ಕ ನಾಲ್ಕು ವ್ಯಾಟ್ ಬರೀ ಶಾಖ. ಸಾದಾ ಸ್ವಿಚ್ ತಣ್ಣಗಿರೋದು ಅದರಲ್ಲಿ ಬಕ್ ಕನ್ವರ್ಟರ್, ಅಂದ್ರೆ ವೇಗವಾಗಿ ಆನ್-ಆಫ್ ಮಾಡ್ತಾ ಹೆಚ್ಚು ಶಾಖ ಇಲ್ಲದೆ ವೋಲ್ಟೇಜ್ ಇಳಿಸೋ ಸರ್ಕ್ಯೂಟು, ಇರೋದಕ್ಕೆ.

ಶಾಖ ಹರಡ್ಲಿ ಅಂತ ರೆಗ್ಯುಲೇಟರನ್ನ ತಳದ ಪ್ಲೇಟಿಗೆ ನೇರ ಬೋಲ್ಟ್ ಮಾಡ್ದೆ, ಅಲ್ಲೇ ಎಡವಿದ್ದು. ಕೈ ಪಳಗಿದ್ದು 7805 ಅನ್ನೋ ರೆಗ್ಯುಲೇಟರಿಗೆ, ಅದರ ಟ್ಯಾಬ್ (ಬೋಲ್ಟ್ ಹಾಕೋ ಲೋಹದ ಬೆನ್ನು) ಗ್ರೌಂಡು. ಇದು 1086, ಟ್ಯಾಬೇ ಔಟ್‌ಪುಟ್ಟು. ಆನ್ ಮಾಡಿದ್ರೆ 3.3 ಲೈನ್ ಲೋಹದ ಡಬ್ಬಿಗೇ ಶಾರ್ಟು, ಅಡಾಪ್ಟರೂ ಹೋಯ್ತು ರೆಗ್ಯುಲೇಟರೂ ಹೋಯ್ತು. ಪುಣ್ಯಕ್ಕೆ ಸ್ವಿಚ್ ಚಿಪ್ ಉಳೀತು. 60 ರೂಪಾಯಿ ಪಾರ್ಟಿಗೆ ರೈಲು ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಒಂದು ದಿನದ ಕೆಲಸ ಬಿಟ್ಟೆ. ಮೈಕಾ ವಾಷರು, ಬುಷ್ಷು (ಕರೆಂಟ್ ದಾಟದಂಗೆ ನಡುವೆ ಇಡೋವು) ಹಾಕದೆ ಕೂರಿಸ್ಬೇಡಿ.

ಆದ್ರೂ ಇಳಿದಿದ್ದು ನಾಲ್ಕೈದು ಡಿಗ್ರಿ ಅಷ್ಟೇ. ಶಾಖ ಹುಟ್ಟೋದನ್ನೇ ಕಮ್ಮಿ ಮಾಡ್ಬೇಕು ಅಂತ 5 ವೋಲ್ಟ್ ಮೊಬೈಲ್ ಅಡಾಪ್ಟರ್ ಕೊಟ್ಟೆ, ಹತ್ತು ನಿಮಿಷಕ್ಕೊಂದ್ಸಲ ರೀಬೂಟು, ಯಾಕಂದ್ರೆ ಒಳಗಿನ ಡಯೋಡು ಅರ್ಧ ವೋಲ್ಟ್ ತಿನ್ನುತ್ತೆ, ತೆಳ್ಳನೆ ವೈರು ಇನ್ನೊಂದಿಷ್ಟು ತಿನ್ನುತ್ತೆ, ರೆಗ್ಯುಲೇಟರಿಗೆ 4.5 ಆದ್ರೂ ಬೇಕು. ಕೊನೆಗೆ ಟ್ರಾನ್ಸ್‌ಫಾರ್ಮರ್ ಸುತ್ತಿಸಿ 6 ವೋಲ್ಟಿನ ಲೀನಿಯರ್ ಸಪ್ಲೈ ಕಟ್ಟಿದೆ, ಎಲ್ಲಾ ಸೇರಿ 1,800 ಆಗಿರಬೇಕು. ಎಳೆಯೋದು 2.7 ವ್ಯಾಟ್‌ಗೆ ಇಳೀತು, ಅದೇ 36 ಡಿಗ್ರಿ ರೂಮಲ್ಲಿ ಡಬ್ಬಿ 48. ಮುಚ್ಚಳದ ಕೆಳಗೆ ಶಾಖ ದಾಟಿಸೋ ಮೆತ್ತನೆ ಥರ್ಮಲ್ ಪ್ಯಾಡ್ ಎಲ್ಲಿ, ಎಷ್ಟು ದಪ್ಪದ್ದು ಕೂರಿಸಿದೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ, ತಿಂಗಳುಗಟ್ಟಲೆ ಕೂತು ಕಂಡ್ಕೊಂಡಿದ್ದು.

ನಡುವೆ ಇನ್ನೊಂದು ನೋಡ್ದೆ. ಸ್ಟ್ರೀಮರ್ (ಹಾಡು ನುಡಿಸೋ ಪ್ಲೇಯರ್) ಪೋರ್ಟನ್ನ ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಇಳಿಸಿದ್ರೆ ಇನ್ನೂ 50, 60 ಮಿಲಿಆಂಪ್ ಉಳಿಯುತ್ತೆ. 24 ಬಿಟ್ 192 ಕಿಲೋಹರ್ಟ್ಸ್‌ನ ದೊಡ್ಡ ಫೈಲಿನ ಹಾಡಿಗೂ ಬೇಕಾಗೋದು ಸೆಕೆಂಡಿಗೆ ಸುಮಾರು 9 ಮೆಗಾಬಿಟ್, 100 ಬೇಕಾದಷ್ಟಾಯ್ತು.

ದುಡ್ಡಿಗೆ ತಕ್ಕದ್ದಾ ಅಂತ ಕೇಳೋರಿಗೆ: ನಮ್ಮ ಭಾಮೈದ ನನ್ನ ಬೆನ್ನ ಹಿಂದೆ ನಿಂತು ಇದನ್ನೂ 1,200 ರೂಪಾಯಿ ಸ್ವಿಚ್ಚನ್ನೂ ಬದಲಾಯಿಸ್ತಾ ಹೋದ, 12 ಸಲದಲ್ಲಿ ನಾನು ಸರಿ ಹೇಳಿದ್ದು 7. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರುತ್ತೆ. ನಿಜವಾಗ್ಲೂ ಕಿವಿಗೆ ಗೊತ್ತಾಗಿದ್ದು ಕೇಬಲ್ಲು. 2,500 ಕೊಟ್ಟು ತಂದ ಶೀಲ್ಡ್ (ಲೋಹದ ಹೊದಿಕೆ) ಇರೋ ಕೇಬಲ್ ಎರಡೂ ಕಡೆಯ ಲೋಹದ ಡಬ್ಬಿ ಸೇರಿಸಿ ಗುಂಯ್ ಅಂತ ಹಮ್ ತರ್ತಿತ್ತು, ಶೀಲ್ಡ್ ಇಲ್ಲದ 150 ರೂಪಾಯಿ ಸಾದಾ ಕೇಬಲ್ ಹಾಕಿದ ತಕ್ಷಣ ನಿಂತೋಯ್ತು. ಹೊಸದಾಗಿ ತಗೊಳೋರಿಗೆ ಖಂಡಿತ ಬೇಡ ಅಂತೀನಿ. ಈಗಾಗ್ಲೇ ಇರೋರು ತಣ್ಣಗೆ ಮಾಡ್ಕೊಳಿ, 10 ಡಿಗ್ರಿ ಇಳಿದ್ರೆ ಕೆಪಾಸಿಟರ್ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ.

ಕೈ ಹಾಕ್ಬೇಡಿ ಅಂದಿದ್ದವರಲ್ಲೇ ಒಬ್ರು ಮೊನ್ನೆ ಭಾನುವಾರ ತಮ್ಮ ಸ್ವಿಚ್ ತಂದಿಟ್ಟು ಹೋಗಿದ್ದಾರೆ. ಬಿಚ್ಚಿ ನೋಡಿದ್ರೆ ಓವನ್ ಕ್ಲಾಕ್, ಅಂದ್ರೆ ಟೈಮಿಂಗ್ ಕೊಡೋ ಪಾರ್ಟು ಏರುಪೇರಾಗದಂಗೆ ಒಳಗೇ ಹೀಟರ್ ಇಟ್ಟು ಮಾಡಿದ್ದು, ಅದಕ್ಕೆ 6 ವೋಲ್ಟ್ ಕೊಟ್ರೆ ನಡಿಯಲ್ಲ. ಕ್ಲಾಕಿಗೆ ಬೇರೆ ಲೈನು ಎಳೀಬೇಕು, ವೈಂಡಿಂಗ್‌ಗೆ ಹೇಳಿ ಬಂದಿದೀನಿ.